ದೈವದ ಬಾಯಿಗೆ ಬರೆದ ಮಾತು

ನಮ್ಮ ರಾತ್ರಿಶಾಲೆ ಶುರುವಾಗುವ ಹೊತ್ತಿಗೆ ಬೊಂಬಾಯಿಯ ಫೋರ್ಟಿನ ಆಫೀಸುಗಳೆಲ್ಲ ಖಾಲಿಯಾಗಿ, ಬೀದಿ ನಮ್ಮಂಥವರ ಪಾಲಿಗೆ ಬರುತ್ತಿತ್ತು. ಹೋಟೆಲಿನ ಬಟ್ಟೆ ಬಿಚ್ಚಿ, ಕೈಗೆ ಅಂಟಿದ ಸಾಂಬಾರಿನ ವಾಸನೆ ಹೋಗಲೆಂದು ಎರಡು ಸಲ ಸಾಬೂನು ಹಚ್ಚಿ ತೊಳೆದು, ಮುನಿಸಿಪಲ್ ಶಾಲೆಯ ಮೆಟ್ಟಿಲು ಹತ್ತುತ್ತಿದ್ದೆವು. ಹಗಲು ಮರಾಠಿ ಮಕ್ಕಳು ಕೂರುತ್ತಿದ್ದ ಬೆಂಚುಗಳಲ್ಲಿ ಮೀಸೆ ಬಂದ ನಾವು ಮೊಣಕಾಲು ಮಡಚಿ ಕೂರಬೇಕಾಗಿತ್ತು. ಹೊರಗೆ ಟ್ರಾಮ್ ತಿರುವಿನಲ್ಲಿ ಗಂಟೆ ಬಾರಿಸಿದರೆ ಮೇಷ್ಟ್ರು ಮಾತು ನಿಲ್ಲಿಸುತ್ತಿದ್ದರು. ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು. ಆ ಟ್ರಾಮ್ ಈಗಿಲ್ಲ, ಆ ಮೇಷ್ಟ್ರೂ ಇಲ್ಲ. ಆಗ ನಾನು ಬರೆದ ಒಂದೇ ಒಂದು ನಾಟಕದ ಪ್ರತಿಯೂ ಇಲ್ಲ. ಆದ್ದರಿಂದ ಇಲ್ಲಿ ಹೇಳುತ್ತಿರುವುದರಲ್ಲಿ ಎಷ್ಟು ಇದ್ದಹಾಗೆ ನೆನಪಿದೆ, ಎಷ್ಟು ನನಗೆ ಅನುಕೂಲವಾಗುವ ಹಾಗೆ ನೆನಪಿದೆ ಎಂದು ಖಚಿತವಾಗಿ ಹೇಳಲಾರೆ.

ಅದು ೧೯೫೫ನೆಯ ಇಸವಿ. ಹಗಲು ನಾನು ಹೋಟೆಲಿನಲ್ಲಿ ಸಪ್ಲಾಯರ್. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು ಪೂವಪ್ಪ. ಕುರ್ಲಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ, ಅಲ್ಲಿಯೇ ಚಾಳಿನ ಒಂದು ಖೋಲಿಯಲ್ಲಿ ತಾಯಿಯ ಜೊತೆ ಇದ್ದ. ನಾವಿಬ್ಬರೂ ತುಳುನಾಡಿನ ಕಡೆಯವರು. ನಮ್ಮೊಳಗಿನ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪೂವಪ್ಪ ನನಗೆ ತನ್ನ ಮನೆಯ ಕಥೆ ಹೇಳಿದ್ದು ಒಂದು ಸಂಜೆ, ತರಗತಿಗೆ ಮೊದಲು, ಮೈದಾನದ ಕಟ್ಟೆಯ ಮೇಲೆ ಕುಳಿತು ಕಡಲೆ ತಿನ್ನುತ್ತಿದ್ದಾಗ. ಅವನ ಅಪ್ಪ ಊರಿನ ದೊಡ್ಡ ಮನೆಯೊಂದರ ಒಕ್ಕಲು. ಅಪ್ಪ ತೀರಿಕೊಂಡ ವರ್ಷ ಆ ಮನೆಯ ಅಂಗಳದಲ್ಲಿ ಕೋಲ ನಡೆಯಿತು. ವೇಷ ಕಟ್ಟಿದವನ ಮೈಮೇಲೆ ದೈವ ಬಂದು, ವಿಧವೆ ಆ ಮನೆ-ಗದ್ದೆ ಬಿಟ್ಟುಕೊಟ್ಟು ಹೊರಡಬೇಕು ಎಂದು ನುಡಿಯಿತಂತೆ. ಅಮ್ಮ ಒಂದು ಮಾತು ಆಡದೆ ಹೊರಟಳು. ಮಗನ ಕೈ ಹಿಡಿದು ಹಡಗು ಹತ್ತಿ ಬೊಂಬಾಯಿಗೆ ಬಂದಳು.

"ಧಣಿ ಹೇಳಿದ್ದರೆ ಕೋರ್ಟಿಗೆ ಹೋಗಬಹುದಿತ್ತು," ಎಂದ ಪೂವಪ್ಪ. "ದೈವದ ಮಾತಿಗೆ ಅಪೀಲು ಎಲ್ಲಿ ಹಾಕುವುದು? ಧಣಿ ಹಿಂದಿನ ದಿವಸ ವೇಷದವನನ್ನು ಕರೆಸಿ ಹೇಳಿಕೊಟ್ಟದ್ದು ಊರಿಗೆಲ್ಲ ಗೊತ್ತು. ಒಬ್ಬನೂ ಬಾಯಿ ಬಿಡಲಿಲ್ಲ."

"ಇದು ನಾಟಕ ಆಗಬೇಕು," ಎಂದೆ ನಾನು.

"ಬರಿ ಮತ್ತೆ. ನಾನೇ ಪಾರ್ಟು ಮಾಡುತ್ತೇನೆ. ದೈವದ ಪಾರ್ಟೇ ಮಾಡುತ್ತೇನೆ."

ನನಗೆ ಧೈರ್ಯ ಕೊಟ್ಟವರು ರಾಮಸ್ವಾಮಿ ಮೇಷ್ಟ್ರು. ಮೈಸೂರಿನ ಕಡೆಯವರು, ಹಗಲು ಸರ್ಕಾರಿ ಲೆಕ್ಕಪತ್ರದ ಕಚೇರಿಯಲ್ಲಿ ಕೆಲಸ, ಮಾಟುಂಗದಲ್ಲಿ ಮನೆ. ಸಂಬಳವಿಲ್ಲದೆ ನಮಗೆ ಪೌರನೀತಿ ಕಲಿಸುತ್ತಿದ್ದರು. ಸಂವಿಧಾನ ಬಂದು ಐದೇ ವರ್ಷ. ಅವರು ಅದರ ಬಗ್ಗೆ ಮಾತಾಡುವಾಗ ಹೊಸದಾಗಿ ಕಟ್ಟಿದ ಸ್ವಂತ ಮನೆ ತೋರಿಸುವವರ ಹಾಗೆ ಕಾಣುತ್ತಿದ್ದರು. ಇಗೋ ಇದು ಹಜಾರ, ಇದು ಕಿಟಕಿ, ಇಲ್ಲಿ ಗಾಳಿ ಹೇಗೆ ಬರತ್ತೆ ನೋಡಿ, ಎಂಬಂತೆ.

"ಬರೀರಿ ರಮಾನಾಥ," ಎಂದರು. "ಸಂವಿಧಾನ ನಿಮಗೆ ಬಾಯಿ ಕೊಟ್ಟಿದೆ. ಆ ಬಾಯಲ್ಲಿ ಬರೀ 'ಎರಡು ಇಡ್ಲಿ ಒಂದು ವಡೆ' ಅಂತ ಕೂಗ್ತಾ ಇರ್ತೀರಾ?"

ಬರೆದೆ. ಹೋಟೆಲಿನ ಮೇಲಿನ ಕೋಣೆಯಲ್ಲಿ ಅಕ್ಕಿ ಚೀಲಗಳ ಮೇಲೆ ಕುಳಿತು ಮಧ್ಯಾಹ್ನದ ಬಿಡುವಿನಲ್ಲಿ ಕನ್ನಡದಲ್ಲಿ ಬರೆದೆ. ಎಲ್ಲ ಪಾತ್ರಗಳಿಗೂ ಮಾತು ಹುಟ್ಟಿಸಿದೆ. ಧಣಿಗೆ, ವಿಧವೆಗೆ, ಶಾನುಭೋಗನಿಗೆ. ಮೂರನೆಯ ದೃಶ್ಯದಲ್ಲಿ ದೈವ ಮಾತಾಡಬೇಕಾದಾಗ ಮಾತ್ರ ಹುಟ್ಟಿಸುವುದಕ್ಕೆ ಹೋಗಲಿಲ್ಲ. ಚಿಕ್ಕಂದಿನಿಂದ ನಮ್ಮೂರಿನ ಕೋಲದಲ್ಲಿ ಕೇಳಿದ ತುಳು ನುಡಿಯನ್ನು, ದೈವದ ಹೆಸರು ಸಮೇತ, ಇದ್ದಹಾಗೆ ಇಳಿಸಿದೆ. ಕೊನೆಯಲ್ಲಿ 'ನೀನು ಹೊರಡು' ಎಂಬ ಅಪ್ಪಣೆಯನ್ನು ಸೇರಿಸಿದೆ. ಬೇರೆ ಹೆಸರು ಇಡಬಹುದಿತ್ತು, ಬೇರೆ ನುಡಿ ಕಟ್ಟಬಹುದಿತ್ತು ಎಂಬ ಯೋಚನೆಯೇ ಬರಲಿಲ್ಲ. ನನಗೆ ನಂಬಿಕೆ ಇಲ್ಲದಿದ್ದರೆ ಬಹುಶಃ ಬರುತ್ತಿತ್ತು. ದೈವಕ್ಕೆ ಅದರದೇ ಮಾತು ಉಂಟು, ನಾನು ಯಾರು ಬೇರೆ ಕೊಡಲಿಕ್ಕೆ ಎಂದು ಕೈ ತಾನಾಗಿಯೇ ಬರೆದುಕೊಂಡು ಹೋಯಿತು. ಆ ಹೆಸರನ್ನು ಈಗಲೂ ಇಲ್ಲಿ ಬರೆಯುತ್ತಿಲ್ಲ.

ಆ ಕಾಲದಲ್ಲಿ ಬೊಂಬಾಯಿಯಲ್ಲಿ ನಾಟಕ ಆಡಬೇಕಾದರೆ ಮೊದಲು ಪ್ರತಿಯನ್ನು ಸರ್ಕಾರಕ್ಕೆ ಒಪ್ಪಿಸಿ ಪರವಾನಗಿ ಪಡೆಯಬೇಕಿತ್ತು.  ಕೊನೆಗೆ ಪ್ರತಿ ಠಸ್ಸೆ ಬಿದ್ದು ವಾಪಸು ಬಂತು. ಓದಿದವರು ಯಾರೋ, ಧಣಿ ಶಾನುಭೋಗನನ್ನು ಬೈಯುವ ಒಂದು ಶಬ್ದದ ಮೇಲೆ ಮಾತ್ರ ಕೆಂಪು ಗೆರೆ ಎಳೆದಿದ್ದರು. ಮೂರನೆಯ ದೃಶ್ಯವನ್ನು ಮುಟ್ಟಿರಲಿಲ್ಲ.

"ನಿನ್ನ ನಾಟಕ ಪಾಸಾಯಿತು ಮಾರಾಯ," ಎಂದ ಪೂವಪ್ಪ. "ಇನ್ನು ನೀನೊಬ್ಬ ಪಾಸಾಗುವುದು ಬಾಕಿ."

ಸರ್ಕಾರ ಒಪ್ಪಿತಲ್ಲ, ಇನ್ನು ಯಾರನ್ನು ಕೇಳಬೇಕು ಎಂದುಕೊಂಡೆ.

ಒಂದು ಆದಿತ್ಯವಾರ ಮಧ್ಯಾಹ್ನ ಅದೇ ಮೇಲಿನ ಕೋಣೆಯಲ್ಲಿ ಮೂರನೆಯ ದೃಶ್ಯದ ಅಭ್ಯಾಸ ಇಟ್ಟುಕೊಂಡೆವು. ಧಣಿಯ ಪಾತ್ರಕ್ಕೆ ಯಾರೂ ಸಿಗದೆ ನಾನೇ ನಿಂತಿದ್ದೆ. ಪೂವಪ್ಪ ಸೊಂಟಕ್ಕೆ ಕೆಂಪು ಟವೆಲು ಕಟ್ಟಿಕೊಂಡು, ಕಣ್ಣು ಮೇಲೆ ಮಾಡಿ, ಆ ನುಡಿಯನ್ನು ಶುರುಮಾಡಿದ. ಅವನಿಗೆ ಅದು ಎಲ್ಲಿಂದ ಬಂತೋ, ಕಾರ್ಖಾನೆಯಲ್ಲಿ ಮೆಷಿನ್ ಎಣ್ಣೆ ಮೆತ್ತಿದ ಮನುಷ್ಯ, ನಮ್ಮೂರಿನ ಅಂಗಳವನ್ನೇ ಅಲ್ಲಿಗೆ ತಂದ.

ಅಷ್ಟು ಹೊತ್ತಿಗೆ ಕಾಂತಪ್ಪಣ್ಣ ನಮಗೆಲ್ಲ ಚಹಾ ತೆಗೆದುಕೊಂಡು ಮೆಟ್ಟಿಲು ಹತ್ತಿ ಬಂದರು. ಹೋಟೆಲಿನ ಚಹಾ ಒಲೆಯ ಮುಂದೆ ಇಪ್ಪತ್ತು ವರ್ಷದಿಂದ ನಿಂತವರು. ನಾಟಕದ ಟಿಕೇಟು ಮಾರಲು ನಮಗಿಂತ ಹೆಚ್ಚು ಓಡಾಡಿದವರು. ಬಾಗಿಲಲ್ಲಿ ಆ ನುಡಿ ಕಿವಿಗೆ ಬಿದ್ದದ್ದೇ ತಟ್ಟೆಯನ್ನು ನೆಲಕ್ಕಿಟ್ಟರು. ಕಾಲಿನ ಚಪ್ಪಲಿ ಹಿಂದಕ್ಕೆ ಬಿಟ್ಟರು. ತಲೆಗೆ ಸುತ್ತಿದ್ದ ಬಟ್ಟೆ ತೆಗೆದು ಕಂಕುಳಲ್ಲಿಟ್ಟು, ಕೈಮುಗಿದು, ತಲೆ ತಗ್ಗಿಸಿ ನಿಂತರು.

ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನುಡಿ ಹೇಳುತ್ತಿದ್ದ ಪೂವಪ್ಪನೂ ತಡೆಯಲಾರದೆ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡ.

ಕಾಂತಪ್ಪಣ್ಣ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಸಿಟ್ಟಿಗಿಂತ ಮೊದಲು ಅವರ ಮುಖದಲ್ಲಿ ನಾಚಿಕೆ ಬಂತು. ಜನರ ಮಧ್ಯದಲ್ಲಿ ಪಂಚೆ ಜಾರಿದವರ ಹಾಗೆ.

"ಇದು ನಾಟಕವಾ?" ಎಂದರು.

"ಹೌದು ಕಾಂತಪ್ಪಣ್ಣ, ಅಭ್ಯಾಸ," ಎಂದೆ.

"ನಾನು ಕೈಮುಗಿದದ್ದು ಯಾರಿಗೆ ಹಾಗಾದರೆ? ಇವನ ಟವೆಲಿಗಾ?"

ಉತ್ತರಕ್ಕೆ ಕಾಯದೆ ಇಳಿದು ಹೋದರು. ಚಹಾ ಅಲ್ಲಿಯೇ ಆರಿತು.

ಮಾರನೆಯ ಸಂಜೆ ಅವರು ಐದಾರು ಹೋಟೆಲುಗಳ ಜನರನ್ನು ಕರೆದುಕೊಂಡು ಶಾಲೆಗೇ ಬಂದರು. ಹಿಂದಿನ ಬೆಂಚುಗಳಲ್ಲಿ ಶಿಸ್ತಾಗಿ ಕುಳಿತರು, ತರಗತಿ ಮುಗಿಯುವವರೆಗೆ ಕಾದರು. ರಾಮಸ್ವಾಮಿ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟು ಕೇಳಿದರು, "ಏನ್ ಸ್ವಾಮಿ, ಏನ್ ಸಮಾಚಾರ?"

"ನಾಟಕ ಬೇಡ ಅಂತ ಅಲ್ಲ ಮೇಷ್ಟ್ರೇ," ಎಂದರು ಕಾಂತಪ್ಪಣ್ಣ. "ಧಣಿಯನ್ನು ತೋರಿಸಲಿ. ಅವರು ಮಾಡಿದ ಅನ್ಯಾಯ ತೋರಿಸಲಿ. ದೈವದ ಹೆಸರು, ದೈವದ ನುಡಿ, ದೈವ ಸುಳ್ಳು ಹೇಳುವುದು, ಅದು ಬೇಡ."

"ದೈವ ಸುಳ್ಳು ಹೇಳಿತು ಅಂತ ನಾಟಕದಲ್ಲಿ ಎಲ್ಲಿದೆ? ವೇಷದವನು ಹೇಳಿದ ಅಂತಿದೆ."

"ನೀವು ಮೈಸೂರಿನವರು. ನಿಮಗೆ ಅದು ವೇಷ."

"ನಿಮಗೆ?"

"ಆ ಹೊತ್ತಿನಲ್ಲಿ ನಮಗೆ ವೇಷ ಕಾಣುವುದಿಲ್ಲ."

ಮೇಷ್ಟ್ರು ಕೈಯ ಸುಣ್ಣದ ಪುಡಿ ಒರೆಸಿಕೊಂಡರು. ಅವರು ಒಳ್ಳೆಯ ಮನುಷ್ಯ. ಎದುರಿನವರ ಮಾತು ಒಳ್ಳೆಯದಾದರೆ ಅದಕ್ಕೆ ಜಾಗ ಕೊಡುತ್ತಿದ್ದರು. ಆಮೇಲೆ ಹೇಳಿದರು, "ನೋಡಿ, ಈ ದೇಶದಲ್ಲಿ ನಿಮ್ಮ ದೈವಾನ ನಂಬೋದಕ್ಕೆ ನಿಮಗೆ ಹಕ್ಕಿದೆ. ಅದರ ಹೆಸರಲ್ಲಿ ಮೋಸ ನಡೀತು ಅನ್ನೋದಕ್ಕೆ ಇವರಿಗೆ ಹಕ್ಕಿದೆ. ಎರಡೂ ಒಂದೇ ಪುಸ್ತಕದಲ್ಲಿದೆ. ಯಾರಿಗೂ ನೋವಾಗದ ಹಾಗೇ ಬರೀಬೇಕು ಅಂದ್ರೆ ರಮಾನಾಥ ಪಂಚಾಂಗ ಬರೀಬೇಕಾಗತ್ತೆ."

"ಪಂಚಾಂಗಕ್ಕೂ ಜಗಳ ಉಂಟು ಮೇಷ್ಟ್ರೇ," ಎಂದ ಹಿಂದಿನಿಂದ ಒಬ್ಬ. "ಏಕಾದಶಿ ಯಾವ ದಿನ ಅಂತ ನಮ್ಮ ಭಟ್ಟರುಗಳೇ ಹೊಡೆದಾಡುತ್ತಾರೆ." ಎಲ್ಲರೂ ನಕ್ಕರು. ಕಾಂತಪ್ಪಣ್ಣನೂ ನಕ್ಕರು. ಆ ನಗು ನನಗೆ ಎಷ್ಟು ಹಾಯೆನಿಸಿತು ಎಂದರೆ ಎಲ್ಲ ಮುಗಿಯಿತು ಎಂದೇ ತಿಳಿದೆ.

ಬಂದವರಲ್ಲಿ ಇನ್ನೊಬ್ಬ ಎದ್ದು, ಪೊಲೀಸರಿಗೆ ಅರ್ಜಿ ಕೊಟ್ಟರೆ ನಾಟಕ ನಿಲ್ಲಿಸುತ್ತಾರೆ, ಧರ್ಮಕ್ಕೆ ನೋವು ಮಾಡಿದರೆ ಕಾಯಿದೆ ಉಂಟಂತೆ ಎಂದ. ಕಾಂತಪ್ಪಣ್ಣ ಅವನ ಅಂಗಿ ಹಿಡಿದು ಕೂರಿಸಿದರು.

"ಕೂತುಕೊ. ದೈವದ ಮರ್ಯಾದೆ ಕಾಯಲಿಕ್ಕೆ ಹವಾಲ್ದಾರ ಬರಬೇಕಾ?" ಎಂದು ಹೇಳಿ ನನ್ನ ಕಡೆ ತಿರುಗಿದರು. "ರಮಾನಾಥ, ನಾನು ಅಡ್ಡ ನಿಲ್ಲುವುದಿಲ್ಲ. ಟಿಕೇಟು ಮಾರಿದ್ದೇನೆ, ವಾಪಸು ಕೇಳುವುದಿಲ್ಲ. ನಾನು ಬರುವುದಿಲ್ಲ, ಅಷ್ಟೇ. ಬರೆಯುವಾಗ ನಿನ್ನ ಕೈ ನಡುಗಲಿಲ್ಲವಾ, ಅದೊಂದು ಹೇಳು."

ನಡುಗಿತ್ತೋ ಇಲ್ಲವೋ ನನಗೆ ನೆನಪಾಗಲಿಲ್ಲ. "ಯೋಚನೆ ಮಾಡುತ್ತೇನೆ," ಎಂದೆ. ಪೂವಪ್ಪ ನನ್ನನ್ನು ದುರುಗುಟ್ಟಿ ನೋಡಿದ.

ಮೆಟ್ಟಿಲು ಇಳಿಯುವಾಗ ಅವನು ಹೇಳಿದ, "ಯೋಚನೆ ಮಾಡಲಿಕ್ಕೆ ಎಂತ ಉಂಟು? ಇದು ಯಾರ ಕಥೆ? ನನ್ನ ಅಮ್ಮನದ್ದು. ಆದಿತ್ಯವಾರ ಮನೆಗೆ ಬಾ. ಅಮ್ಮನ ಹತ್ತಿರವೇ ಕೇಳುವ. ಅಮ್ಮ ಆಡಿ ಅಂದರೆ ಈ ಕಾಂತಪ್ಪಣ್ಣ ಯಾರು?"

ನನಗೂ ಅದೇ ಸರಿ ಎನಿಸಿತು. ಅನ್ಯಾಯ ಆದದ್ದು ಅವರಿಗೆ. ಅವರ ಮಾತಿನ ಮುಂದೆ ಬೇರೆ ಯಾರ ಮಾತು?

ಕುರ್ಲಾದಲ್ಲಿ ಅವರ ಚಾಳು ರೈಲುಹಳಿಗೆ ಎಷ್ಟು ಹತ್ತಿರವೆಂದರೆ ಲೋಕಲ್ ಹೋದಾಗ ಗೋಡೆಗೆ ತೂಗುಹಾಕಿದ ಸೌಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಪಕ್ಕದ ಖೋಲಿಯಲ್ಲಿ ರತ್ನಾಗಿರಿಯ ಮುಸಲ್ಮಾನರು, ಆಚೆ ಮಿಲ್ಲಿನ ಮರಾಠರು, ಕೊನೆಯಲ್ಲಿ ಒಂದು ಗೋವಾದ ಕುಟುಂಬ. ಯಾರ ಮನೆಯ ಮೀನು ಹುರಿದರೂ ಎಲ್ಲರಿಗೂ ಗೊತ್ತಾಗುತ್ತಿತ್ತು. ಸೇವಂತಿಯಮ್ಮ ಬಾಗಿಲಲ್ಲಿ ಕುಳಿತು ಹೋಟೆಲುಗಳಿಗೆ ಕೊಡುವ ಹಪ್ಪಳ ಲಟ್ಟಿಸುತ್ತಿದ್ದರು. ಗಟ್ಟಿ ಕೈ, ಸಣ್ಣ ಮೈ. ಒಳಗಿನ ಮೂಲೆಯಲ್ಲಿ ಒಂದು ಮರದ ಮಣೆ, ಅದರ ಮೇಲೆ ದೀಪ. ಫೋಟೋ ಇಲ್ಲ, ಮೂರ್ತಿ ಇಲ್ಲ. ಅದು ಯಾರ ದೀಪ ಎಂದು ನಾನು ಕೇಳಬೇಕಾಗಿರಲಿಲ್ಲ.

ಪೂವಪ್ಪ ಎಲ್ಲ ಹೇಳಿದ. ಅವರು ಲಟ್ಟಣಿಗೆ ನಿಲ್ಲಿಸದೆ ಕೇಳಿದರು. ಧಣಿಯ ಪಾತ್ರ ನಾನು ಮಾಡುತ್ತೇನೆಂದಾಗ ಮಾತ್ರ ತಲೆ ಎತ್ತಿ ನನ್ನನ್ನು ನೋಡಿ, "ಇವನಾ? ಇವನಿಗೆ ಹೊಟ್ಟೆಯೇ ಇಲ್ಲ, ಧಣಿ ಹೇಗೆ ಆಗುತ್ತಾನೆ?" ಎಂದರು.

"ದಿಂಬು ಕಟ್ಟುತ್ತೇವೆ ಅಮ್ಮ," ಎಂದೆ.

"ಕಟ್ಟಿ. ನಾಟಕ ಮಾಡಿ. ಅವರನ್ನು ಚೆನ್ನಾಗಿ ಬೈಯಿರಿ. ಸರ್ಕಾರದವರು ಒಂದು ಶಬ್ದ ತೆಗೆದರಂತಲ್ಲ, ಅದಕ್ಕಿಂತ ಒಳ್ಳೆಯದು ನಾಲ್ಕು ನನ್ನ ಹತ್ತಿರ ಉಂಟು."

ಪೂವಪ್ಪ ಗೆದ್ದವನ ಹಾಗೆ ನನ್ನ ತೊಡೆಗೆ ಹೊಡೆದ.

"ಆದರೆ ಅದರ ಬಾಯಲ್ಲಿ ಆ ಮಾತು ಹಾಕಬೇಡಿ," ಎಂದರು ಅವರು.

"ಹಾಕಿದ್ದು ನಾವಾ ಅಮ್ಮ? ಆಗಲೇ ಹಾಕಿದ್ದಾರೆ. ನಾವು ಅದನ್ನು ತೋರಿಸುವುದು, ಅಷ್ಟೇ."

"ಹಾಕಿದವರ ಹತ್ತಿರ ಅದು ಲೆಕ್ಕ ಕೇಳುತ್ತದೆ."

"ಯಾವಾಗ? ಧಣಿಗೆ ಮೊಮ್ಮಕ್ಕಳಾದವು. ನಮ್ಮ ಗದ್ದೆಯಲ್ಲಿ ಮೂರು ಬೆಳೆ ತೆಗೆಯುತ್ತಾರೆ."

ಲಟ್ಟಣಿಗೆ ನಿಂತಿತು. "ನನ್ನ ದೂರು ಅಲ್ಲಿ ಉಂಟು ಪೂವಾ. ದಿನಾ ದೀಪ ಇಟ್ಟು ನೆನಪು ಮಾಡುತ್ತೇನೆ. ಅದೇ ಸುಳ್ಳು ಹೇಳಿತು ಅಂತ ನೀವು ನಾಲ್ಕು ಜನರ ಮುಂದೆ ಮಾಡಿದರೆ ನಾನು ಆ ದೂರನ್ನು ಎಲ್ಲಿಗೆ ಕೊಂಡುಹೋಗಲಿ? ಕುರ್ಲಾದ ಪೊಲೀಸ್ ಠಾಣೆಗಾ?"

"ಅದು ನಿನ್ನೊಬ್ಬಳ ಕಥೆ ಅಲ್ಲ. ಗದ್ದೆಯ ಹುಣಿಯ ಮೇಲೆ ನಿನ್ನ ಸೆರಗು ಹಿಡಿದುಕೊಂಡು ನಡೆದವನು ನಾನು. ನನಗೆ ಹೇಳುವ ಹಕ್ಕಿಲ್ಲವಾ?"

"ಉಂಟು."

"ಮತ್ತೆ?"

"ಬೇಡ ಅನ್ನುವ ಹಕ್ಕು ನನಗಿಲ್ಲವಾ?"

ಒಂದು ಲೋಕಲ್ ಹೋಯಿತು. ಸೌಟುಗಳು ಸದ್ದು ಮಾಡಿ ನಿಂತವು. ಸೇವಂತಿಯಮ್ಮ ಹಪ್ಪಳದ ಹಿಟ್ಟಿನ ಇನ್ನೊಂದು ಉಂಡೆ ತೆಗೆದುಕೊಂಡರು. ನನಗೆ ಚಹಾ ಮಾಡಿಕೊಟ್ಟರು, ಹೋಗುವಾಗ ಹಸಿ ಹಪ್ಪಳದ ಕಟ್ಟೊಂದನ್ನು ಕೈಯಲ್ಲಿಟ್ಟರು. 

ಆ ವಾರವೆಲ್ಲ ನಾನು ತಟ್ಟೆಗಳನ್ನು ತಪ್ಪು ಮೇಜಿಗೆ ಇಡುತ್ತಿದ್ದೆ. ಮೇಷ್ಟ್ರು ಹೇಳಿದ್ದು ಸರಿ. ಪೂವಪ್ಪ ಹೇಳಿದ್ದು ಸರಿ. ಕಾಂತಪ್ಪಣ್ಣ ಒಬ್ಬರೇ ಆಗಿದ್ದರೆ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆನೇನೋ. ಆದರೆ ಯಾರ ಪರವಾಗಿ ಬರೆದೆ ಎಂದು ಹೆಮ್ಮೆಪಟ್ಟಿದ್ದೆನೋ ಅವರೇ ಬೇಡ ಎಂದರೆ ಬರೆದವನು ಏನು ಮಾಡಬೇಕು ಎಂಬುದು ನನ್ನ ಪೌರನೀತಿ ಪುಸ್ತಕದಲ್ಲಿ ಇರಲಿಲ್ಲ. ಕೊನೆಗೆ ಮೂರನೆಯ ದೃಶ್ಯದ ನುಡಿಯನ್ನು ಪೂರ್ತಿ ಹೊಡೆದುಹಾಕಿದೆ. ಹೆಸರನ್ನೂ ತೆಗೆದೆ. ವೇಷದವನು ಹಿಂದಿನ ಪರದೆಯ ಕಡೆ ಮುಖ ಮಾಡಿ, ಜನರಿಗೆ ಬೆನ್ನು ತೋರಿಸಿ ನಿಲ್ಲುವುದು. ಧಣಿ ಅವನ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳಿ, ತಿರುಗಿ, 'ಸ್ವಾಮಿಯ ಅಪ್ಪಣೆ ಆಗಿದೆ, ನೀನು ಹೊರಡು' ಎನ್ನುವುದು. ದೈವ ಏನು ಹೇಳಿತು, ಹೇಳಿತೋ ಇಲ್ಲವೋ, ಯಾರಿಗೂ ಕೇಳುವುದಿಲ್ಲ.

ಮೇಷ್ಟ್ರಿಗೆ ತೋರಿಸಿದೆ. ಓದಿ, ಕನ್ನಡಕ ತೆಗೆದು ಒರೆಸಿದರು. "ಚೆನ್ನಾಗೇ ಇದೆ. ಆದರೆ ನೀವು ಚೆನ್ನಾಗಿರಲಿ ಅಂತ ಮಾಡಿದ್ದಲ್ಲವಲ್ಲ," ಎಂದರು. ಅದಕ್ಕಿಂತ ಹೆಚ್ಚು ಬೈದಿದ್ದರೆ ಒಳ್ಳೆಯದಿತ್ತು.

ಪೂವಪ್ಪ ಓದಿ ಹಾಳೆಯನ್ನು ಮಡಚಿ ನನ್ನ ಜೇಬಿಗೆ ತುರುಕಿದ.

"ಬರೆದವನು ನೀನು. ತೆಗೆಯಬೇಕು ಅನಿಸಿದರೆ ತೆಗೆ. ನನ್ನ ಅಮ್ಮನ ಹೆಸರು ಹೇಳಬೇಡ. ಅಮ್ಮ ಬೇಡ ಅಂದದ್ದು ಅವಳ ಧೈರ್ಯ. ನೀನು ತೆಗೆದದ್ದು ನಿನ್ನ ಹೆದರಿಕೆ."

"ನೀನು ಪಾರ್ಟು ಮಾಡುವುದಿಲ್ಲವಾ?"

"ಮಾಡುತ್ತೇನೆ. ಬೆನ್ನು ತೋರಿಸಿ ಬಾಯಿ ಮುಚ್ಚಿ ನಿಲ್ಲುವ ಪಾರ್ಟು ಯಾರಿಗೆ ಬರುವುದಿಲ್ಲ?"

ಅಲ್ಲಿಂದ ನಾಟಕದ ದಿನದವರೆಗೆ ಅವನು ತರಗತಿಯಲ್ಲಿ ಬೇರೆ ಬೆಂಚಿನಲ್ಲಿ ಕುಳಿತ.

ನಾಟಕ ಮಾಟುಂಗದ ಒಂದು ಶಾಲೆಯ ಸಭಾಂಗಣದಲ್ಲಿ, ಒಂದು ಆದಿತ್ಯವಾರ ಸಂಜೆ. ಹೋಟೆಲುಗಳ ಜನ ಬಿಳಿ ಅಂಗಿ ಹಾಕಿ, ತಲೆಗೆ ಎಣ್ಣೆ ಬಳಿದು, ಊರಿನ ಮದುವೆಗೆ ಬಂದವರ ಹಾಗೆ ಬಂದಿದ್ದರು. ಮುಂದಿನ ಕುರ್ಚಿಗಳಲ್ಲಿ ಮಾಟುಂಗದ ಸಂಸಾರಗಳು; ಮೇಷ್ಟ್ರ ಹೆಂಡತಿ ವನಮಾಲಾ ಅವರು ಜರಿಯಂಚಿನ ಸೀರೆಯಲ್ಲಿ. ಪರದೆಯ ಸಂದಿಯಿಂದ ನೋಡಿದಾಗ ಹಿಂದಿನ ಬಾಗಿಲಲ್ಲಿ ಕಾಂತಪ್ಪಣ್ಣ ಕಂಡರು. ಅವರ ಜೊತೆ ಸೇವಂತಿಯಮ್ಮ. ನುಡಿ ತೆಗೆದಿದ್ದೇನೆಂದು ನಾನೇ ಕಾಂತಪ್ಪಣ್ಣನಿಗೆ ಹೇಳಿದ್ದೆ. ಇವರನ್ನು ಕರೆತರುತ್ತಾರೆಂದು ಗೊತ್ತಿರಲಿಲ್ಲ. ಹೊಟ್ಟೆಗೆ ಕಟ್ಟಿದ ದಿಂಬಿನ ಒಳಗೆ ನಾನು ಬೆವರಿದೆ.

ಮೊದಲೆರಡು ದೃಶ್ಯಗಳಿಗೆ ಜನ ಚೆನ್ನಾಗಿ ನಕ್ಕರು. ಮೂರನೆಯದು ಬಂತು. ಪೂವಪ್ಪ ಕೆಂಪು ಬಟ್ಟೆ ಉಟ್ಟು, ತಲೆಗೆ ಕಾಗದದ ಮುಡಿ ಕಟ್ಟಿ, ಜನರಿಗೆ ಬೆನ್ನು ಮಾಡಿ ನಿಂತ. ಅವನ ಹೆಗಲು ಗಟ್ಟಿಯಾಗಿತ್ತು. ಅದರಲ್ಲಿ ನನ್ನ ಮೇಲಿನ ಸಿಟ್ಟು ಎಷ್ಟು, ಪಾತ್ರ ಎಷ್ಟು ಎಂದು ತಿಳಿಯುತ್ತಿರಲಿಲ್ಲ. ನಾನು ಅವನ ಬಾಯಿಯ ಹತ್ತಿರ ಕಿವಿ ಇಟ್ಟೆ. ಉಸಿರು ಮಾತ್ರ ಕೇಳಿತು. ತಿರುಗಿ, ವಿಧವೆಯ ವೇಷದ ಹುಡುಗನನ್ನು ನೋಡಿ ಹೇಳಿದೆ:

"ಸ್ವಾಮಿಯ ಅಪ್ಪಣೆ ಆಗಿದೆ. ನೀನು ಹೊರಡು."

ಆ ಪಾತ್ರ ಸೆರಗಿನಿಂದ ಮುಖ ಮುಚ್ಚಿ ಹೊರಡಬೇಕಾಗಿತ್ತು. ಅಷ್ಟರಲ್ಲಿ ಸಭೆಯ ಹಿಂದಿನಿಂದ ಒಂದು ದನಿ ಬಂತು.

"ನಿಲ್ಲು."

ಸೇವಂತಿಯಮ್ಮ ಎದ್ದು ನಿಂತಿದ್ದರು. ಕುರ್ಚಿಗಳ ನಡುವೆ ನಡೆದು ರಂಗದ ಬುಡಕ್ಕೆ ಬಂದರು. ಬರಿಗಾಲು. ಕೈಮುಗಿದು, ನನ್ನನ್ನು ನೋಡದೆ, ಆ ಕೆಂಪು ಬಟ್ಟೆಯ ಬೆನ್ನನ್ನು ನೋಡಿ ತುಳುವಿನಲ್ಲಿ ಮಾತಾಡಿದರು. ಕೋಲದ ಅಂಗಳದಲ್ಲಿ ದೂರು ಹೇಳುವವರ ದನಿ ಅದು, ಗೊತ್ತಿದ್ದವರಿಗೆ ಗೊತ್ತಾಯಿತು.

"ಸ್ವಾಮೀ, ಈ ಮನುಷ್ಯ ಹೇಳಿದ್ದು ನನಗೆ ಕೇಳಿತು. ನೀವು ಹೇಳಿದ್ದು ಕೇಳಲಿಲ್ಲ. ಅಂದು ಕೂಡ ನಾನು ಚಪ್ಪರದ ಹೊರಗೆ ನಿಂತಿದ್ದೆ. ಡೋಲು, ವಾದ್ಯ. ನಿಮ್ಮ ಬಾಯಿಂದ ಬಂದದ್ದು ನನ್ನ ಕಿವಿಗೆ ಬೀಳಲಿಲ್ಲ. ಧಣಿಗಳು ಹೊರಗೆ ಬಂದು ಹೇಳಿದರು, ನಾನು ಹೊರಟೆ. ಗಂಡ ಸತ್ತು ನಲವತ್ತು ದಿವಸ ಆಗಿರಲಿಲ್ಲ, ಎದುರು ಮಾತಾಡಲಿಕ್ಕೆ ನನಗೆ ಬಾಯಿ ಇರಲಿಲ್ಲ. ಈಗ ಕೇಳುತ್ತೇನೆ. ನೀವು ಹೇಳಿದ್ದಾ?"

 ನನ್ನ ಮುಂದಿನ ಮಾತು ಮರೆತುಹೋಗಿತ್ತು. ನೆನಪಿದ್ದರೂ ಆಡುವ ಹಾಗಿರಲಿಲ್ಲ. ಪೂವಪ್ಪನ ಹೆಗಲು ಸಣ್ಣಗೆ ಅಲುಗಿತು. ಅವನು ತಿರುಗಿದ. ಕಣ್ಣು ತುಂಬಿತ್ತು. ತಲೆಯ ಮುಡಿಯನ್ನು ಎರಡು ಕೈಯಲ್ಲಿ ತೆಗೆದ.

"ಅಮ್ಮಾ, ನಾನು ಪೂವಪ್ಪ."

"ಗೊತ್ತುಂಟು ಮಗಾ," ಎಂದರು ಅವರು. "ನಿನ್ನ ಹತ್ತಿರ ಕೇಳಿದ್ದಲ್ಲ."

ಪರದೆ ಎಳೆಯುವವನು ಏನು ಮಾಡಬೇಕೆಂದು ತಿಳಿಯದೆ ಪರದೆ ಬಿಟ್ಟ.  ಆಮೇಲೆ ಚಪ್ಪಾಳೆ ಶುರುವಾಯಿತು, ಮುಂದಿನ ಸಾಲುಗಳಿಂದ. ಸಂದಿಯಿಂದ ನೋಡಿದೆ. ಹಿಂದಿನ ಸಾಲುಗಳಲ್ಲಿ ಚಪ್ಪಾಳೆ ಇರಲಿಲ್ಲ. ಹೋಟೆಲಿನ ಜನರಲ್ಲಿ ಅರ್ಧಕ್ಕರ್ಧ ಎದ್ದು ನಿಂತಿದ್ದರು, ಕೆಲವರು ಕೈಮುಗಿದು. ಕಾಂತಪ್ಪಣ್ಣ ಸೇವಂತಿಯಮ್ಮನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕುರ್ಚಿಗಳ ನಡುವೆ ಬರುತ್ತಿದ್ದರು.

ನಾಟಕ ಮುಂದುವರಿಸಲು ಯಾರಿಗೂ ಮನಸ್ಸಾಗಲಿಲ್ಲ. ಮೇಷ್ಟ್ರು ರಂಗದ ಮೇಲೆ ಬಂದು ವಂದನೆ ಹೇಳಿ ಮುಗಿಸಿದರು.  ವನಮಾಲಾ ಅವರು ಒಳಗೆ ಬಂದು ನನ್ನನ್ನು ಕೇಳಿದರು, "ಆ ಕಡೆಯಿಂದ ಎದ್ದು ಬಂದ ಮುದುಕಿ ಪಾರ್ಟು ಮಾಡಿದ್ದು ಯಾರ್ರೀ? ಎಷ್ಟು ಸಹಜವಾಗಿ ಮಾಡಿದ್ರು! ಭಾಷೆ ತಿಳೀದಿದ್ರೂ ಮೈ ಜುಮ್ಮಂತು." 

ಮಾಟುಂಗ ಸ್ಟೇಷನ್ನಿನವರೆಗೆ ನಾವು ಮೂವರೂ ನಡೆದುಕೊಂಡು ಹೋದೆವು. ಪೂವಪ್ಪನ ಕಿವಿಯ ಹಿಂದೆ ಬಣ್ಣ ಹಾಗೆಯೇ ಇತ್ತು.  ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕುಳಿತ ಮೇಲೆ ಸೇವಂತಿಯಮ್ಮ ನನ್ನನ್ನು ಕೇಳಿದರು:

"ನಾನು ಎದ್ದು ಹಾಳುಮಾಡಿದೆ, ಅಲ್ಲವಾ? ಮುಂದೆ ಎಂತ ಇತ್ತು ನಾಟಕದಲ್ಲಿ?"

"ಮುಂದೆ ಅವಳು ಮಗನನ್ನು ಕರೆದುಕೊಂಡು ಹಡಗು ಹತ್ತುತ್ತಾಳೆ ಅಮ್ಮ."

"ಅಷ್ಟೇ?"

"ಅಷ್ಟೇ."

"ಅದು ಸರಿ," ಎಂದರು. "ಹಾಗೆಯೇ ಆದದ್ದು."

ನನಗೆ ಸಮಾಧಾನವಾಯಿತು. ಹೇಳಬಾರದಿತ್ತು, ಆದರೂ ಹೇಳಿದೆ: "ನುಡಿ ಇದ್ದಿದ್ದರೆ ಅಮ್ಮ ಎದ್ದು ಬರುತ್ತಿರಲಿಲ್ಲ ಪೂವಪ್ಪ. ದೈವ ಸುಮ್ಮನಿದ್ದದ್ದಕ್ಕೇ ಇವರಿಗೆ ಮಾತಾಡಲಿಕ್ಕೆ ಜಾಗ ಸಿಕ್ಕಿತು."

"ದೈವ ಸುಮ್ಮನಿದ್ದದ್ದಲ್ಲ. ನೀನು ನನ್ನ ಬಾಯಿ ಮುಚ್ಚಿಸಿದ್ದು," ಎಂದ ಅವನು. ದನಿಯಲ್ಲಿ ಮೊದಲಿನ ಸಿಟ್ಟಿರಲಿಲ್ಲ, ಆದರೆ ಬಿಟ್ಟುಕೊಡುವವನ ದನಿಯೂ ಅಲ್ಲ. "ಅಮ್ಮನಿಗೆ ಕೇಳದೆ ಇರಬಹುದು. ಚಪ್ಪರದ ಒಳಗಿದ್ದವರಿಗೆಲ್ಲ ಕೇಳಿದೆ. ಆ ಮನುಷ್ಯ ವೇಷ ಕಟ್ಟಿ ನಿಂತು ಹೇಳಿದ್ದಾನೆ. ಅದು ನಡೆದದ್ದು. ನಡೆದದ್ದನ್ನು ಅಳಿಸಿ ಚೆಂದ ಮಾಡಿದೆ ನೀನು."

 

ಅವನು ತಾಯಿಯ ಕಡೆ ತಿರುಗಿದ. "ಮುಲುಂಡಿನ ಸಂಘದವರು ನಾಟಕ ಅಲ್ಲಿಯೂ ಆಡಿ ಎಂದು ಮೇಷ್ಟ್ರ ಹತ್ತಿರ ಕೇಳಿದ್ದಾರೆ. ಅಲ್ಲಿ ನಾನು ಮಾತಾಡುತ್ತೇನೆ ಅಮ್ಮ. ಹೆಸರು ಹೇಳುವುದಿಲ್ಲ. ಆದರೆ ಆ ಮಾತು ಹೇಳಿಯೇ ಹೇಳುತ್ತೇನೆ, ಜನರ ಕಡೆ ಮುಖ ಮಾಡಿ."

ಸೇವಂತಿಯಮ್ಮ ಸೆರಗಿನ ತುದಿಯಿಂದ ಅವನ ಕಿವಿಯ ಹಿಂದಿನ ಬಣ್ಣ ಒರೆಸಿದರು. ಅದು ಹೋಗಲಿಲ್ಲ, ಎಂಜಲು ಹಚ್ಚಿ ಮತ್ತೆ ಒರೆಸಿದರು.

"ಮಾತಾಡು," ಎಂದರು. "ನಾನು ಬರುವುದಿಲ್ಲ."

"ಬರಲೇಬೇಕು ಅಂತ ನಾನು ಹೇಳುವುದಿಲ್ಲ."

"ಮಾತಾಡಬೇಡ ಅಂತ ನಾನೂ ಹೇಳುವುದಿಲ್ಲ. ಬೇಡ ಅಂತ ಒಂದು ಸಲ ಹೇಳಿ ಆಯಿತಲ್ಲ."

ಕುರ್ಲಾ ಕಡೆಯ ಲೋಕಲ್ ಬಂತು. ಅವರು ಹೆಂಗಸರ ಡಬ್ಬಿಯ ಕಡೆ ನಡೆದರು, ಅವನು ಪಕ್ಕದ ಗಂಡಸರ ಡಬ್ಬಿಗೆ ಓಡಿದ. ಗಾಡಿ ಅಲುಗುವಾಗ ಸೇವಂತಿಯಮ್ಮ ಬಾಗಿಲಿನ ಕಂಬಿ ಹಿಡಿದು ಹೊರಗೆ ತಲೆ ಹಾಕಿದರು.

"ಪೂವಾ, ಇಳಿದ ಕೂಡಲೇ ಹೋಗಿಬಿಡಬೇಡ. ನನ್ನ ಡಬ್ಬಿಯ ಹತ್ತಿರ ಬಾ. ಆ ಸೇತುವೆಯ ಮೆಟ್ಟಿಲು ಒಬ್ಬಳಿಗೇ ಇಳಿಯಲಿಕ್ಕೆ ಆಗುವುದಿಲ್ಲ ನನಗೆ."

"ಬರುತ್ತೇನೆ ಅಮ್ಮ, ನೀನು ಒಳಗೆ ಹೋಗು ಮೊದಲು," ಎಂದು ಅವನು ಪಕ್ಕದ ಬಾಗಿಲಿನಿಂದ ಕೂಗಿದ.